ಮೀಸಲು ಇಲ್ಲದವನು

"ಅರ್ಧ ಲೋಟ ಉಳಿಸಿದೀರಿ," ಎಂದಳು ಸಿಸ್ಟರ್.

ಅವನು ಉಳಿದರ್ಧವನ್ನೂ ಎತ್ತಿ ಗಟಗಟನೆ ಕುಡಿದ. ನೀರು ಕುಡಿಯುವುದೂ ಒಂದು ಕೆಲಸವಾಗಬಹುದು, ಅದರಲ್ಲೂ ಮನುಷ್ಯ ಹಿಂದೆ ಬೀಳಬಹುದು ಎಂದು ಅವನಿಗೆ ಇವತ್ತಿನವರೆಗೆ ಗೊತ್ತಿರಲಿಲ್ಲ. ಬೆಳಗಿನಿಂದ ಕುಡಿದದ್ದೆಲ್ಲ ಹೊಟ್ಟೆಯಲ್ಲಿ ಕುಲುಕಾಡುತ್ತಿತ್ತು. ಅದರ ನಡುವೆ ಎಲ್ಲೋ ಮೂರು ಬೇಯಿಸಿದ ಮೊಟ್ಟೆಗಳಿದ್ದವು. ಅವು ಅಲ್ಲಿರಬಾರದಿತ್ತು.

"ನಿನ್ನೆ ಮಧ್ಯಾಹ್ನದಿಂದ ಮೊಟ್ಟೆ, ಮಾಂಸ, ಹಾಲು, ಬೇಳೆ ಏನೂ ಮುಟ್ಟಿಲ್ಲ ತಾನೆ?" ಎಂದು ಬೆಳಿಗ್ಗೆ ಬಂದ ಕೂಡಲೇ, ಅವನೊಬ್ಬನೇ ಇದ್ದಾಗ, ಸಿಸ್ಟರ್ ಕೇಳಿದ್ದಳು. ಕೇಳುವಾಗ ಅವನ ಮುಖ ನೋಡಿರಲಿಲ್ಲ; ರಕ್ತ ತೆಗೆಯಲು ನರ ಹುಡುಕುತ್ತಿದ್ದಳು.

"ಇಲ್ಲ," ಎಂದಿದ್ದ ಅವನು.

ಸೂಜಿ ಚುಚ್ಚಿಸಿಕೊಳ್ಳುತ್ತಿರುವ ಮನುಷ್ಯ ಏನು ಕೇಳಿದರೆ ಏನು ಹೇಳುತ್ತಾನೋ ಯಾರಿಗೆ ಗೊತ್ತು ಎಂದು ಆಮೇಲೆ ತನಗೆ ತಾನೇ ಸಮಾಧಾನ ಹೇಳಿಕೊಂಡ. ಆದರೆ ಇಲ್ಲ ಅಂದದ್ದು ಸೂಜಿ ಚುಚ್ಚುವ ಮೊದಲು.

ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಅಣ್ಣ ಖಾಲಿ ಲೋಟವನ್ನೇ ನೋಡುತ್ತಿದ್ದ.

"ಹೇಗಿದೆ?" ಎಂದು ಕೇಳಿದ.

"ಏನು?"

"ನೀರು."

"ನೀರು ನೀರಿದ್ದ ಹಾಗಿದೆ."

"ತಣ್ಣಗಿದೆಯಾ?"

"ಹೂಂ."

ಅಣ್ಣ ಉಗುಳು ನುಂಗಿದ. ಅವನ ಎರಡೂ ಕಿಡ್ನಿ ಕೈಕೊಟ್ಟು ವರ್ಷವಾಗಿತ್ತು. ವಾರಕ್ಕೆ ಮೂರು ಸಲ ಇದೇ ಆಸ್ಪತ್ರೆಯ ಕೆಳಗಿನ ಮಹಡಿಯಲ್ಲಿ ಡಯಾಲಿಸಿಸ್ ಯಂತ್ರಕ್ಕೆ ಕೈಯೊಡ್ಡಿ ಮಲಗಬೇಕು. ಒಳಗೆ ಹೋದ ನೀರಿಗೆ ಹೊರಗೆ ಬರುವ ದಾರಿಯೇ ಇಲ್ಲವಾದ್ದರಿಂದ ದಿನಕ್ಕೆ ಇಷ್ಟೇ ಎಂದು ಡಾಕ್ಟರು ಅಳತೆ ಮಾಡಿ ಕೊಟ್ಟಿದ್ದರು. ಅಣ್ಣ ಅದರಲ್ಲಿ ಅರ್ಧವನ್ನು ಬೆಳಿಗ್ಗೆ ಎದ್ದ ಕೂಡಲೇ ಮುಗಿಸಿಬಿಟ್ಟು, ಉಳಿದ ದಿನವೆಲ್ಲ ಬೇರೆಯವರು ಕುಡಿಯುವುದನ್ನು ನೋಡುತ್ತಿದ್ದ.

"ಇನ್ನೊಂದು ಸಲ ನಿಧಾನ ಕುಡಿಯೋ," ಎಂದ. "ಗಟಗಟ ಅಂತ ಮುಗಿಸಿಬಿಡ್ತೀಯ. ನೋಡೋಕಾದ್ರೂ ಸಿಗಲಿ."

ತಮ್ಮನಾದ ಅವನು ಕಾಲೇಜಿನಲ್ಲಿ ತರ್ಕಶಾಸ್ತ್ರದ ಮೇಷ್ಟ್ರು. ಎರಡು ವಾಕ್ಯಗಳನ್ನು ಒಂದರ ಕೆಳಗೊಂದು ಬರೆದರೆ ಮೂರನೆಯದು ತಾನಾಗಿ ಹುಟ್ಟಬೇಕು ಎಂದು ಎಷ್ಟೋ ವರ್ಷಗಳಿಂದ ಬೋರ್ಡಿನ ಮೇಲೆ ಬರೆದು ಒರೆಸುತ್ತ ಬಂದಿದ್ದ. ಹುಡುಗರು ಅವನಿಗೆ 'ಆದ್ದರಿಂದ' ಎಂದು ಅಡ್ಡಹೆಸರಿಟ್ಟಿದ್ದರು. ಕಾರಿಡಾರಿನಲ್ಲಿ ಅವನ ಚಪ್ಪಲಿಯ ಸದ್ದಾದರೆ, "ಆದ್ದರಿಂದ ಬಂದ್ರು ಕಣ್ರೋ," ಎನ್ನುವುದು ಅವನ ಕಿವಿಗೂ ಬೀಳುತ್ತಿತ್ತು. ತಮಾಷೆಯೆಂದರೆ ಅವನ ಸ್ವಂತ ಬದುಕಿನಲ್ಲಿ ಆದ್ದರಿಂದ ಎನ್ನುವಂಥದ್ದು ಏನೂ ನಡೆದಿರಲಿಲ್ಲ. ಮದುವೆಯಾಗಲಿಲ್ಲ, ಯಾಕೆ ಎಂದರೆ ಅವನಿಗೂ ಗೊತ್ತಿಲ್ಲ. ಯಾರ ಜೊತೆಗೂ ಜಗಳವಿರಲಿಲ್ಲ, ಸ್ನೇಹವೂ ಇರಲಿಲ್ಲ. ಒಂದು ಕೋಣೆ, ಒಂದು ಸ್ಟೌ, ಎರಡು ತಟ್ಟೆ. ಎರಡನೆಯ ತಟ್ಟೆ ಯಾಕಿತ್ತೋ.

ಅಣ್ಣನ ಕಥೆಯೇ ಬೇರೆ. ಅವನದು ನೀರೆತ್ತುವ ಪಂಪು, ಮೋಟಾರುಗಳ ದೊಡ್ಡ ಅಂಗಡಿ. ದೊಡ್ಡ ದನಿ, ದೊಡ್ಡ ಹೊಟ್ಟೆ, ಸಿಕ್ಕವರ ಬೆನ್ನಿಗೆಲ್ಲ ಒಂದೊಂದು ಗುದ್ದು. ಅಂಥವನ ಕಿಡ್ನಿಗಳು ಕೆಟ್ಟು, ಅತ್ತಿಗೆಯದು ಹೊಂದದೆ, ಇವನದನ್ನು ನೋಡಿದಾಗ ರಕ್ತ ಹೊಂದಿತು, ಮತ್ತೇನೇನೋ ಹೊಂದಿತು, ಎಲ್ಲ ಹೊಂದಿತು. ತನಗೂ ಅಣ್ಣನಿಗೂ ಹೋಲಿಕೆಯಿದೆ ಎನ್ನುವುದು ಅವನಿಗೆ ಗೊತ್ತಾದದ್ದು ಆಗಲೇ.

ಅವತ್ತಿನಿಂದ ಅವನನ್ನು ಹೂವಿನ ಹಾಗೆ ನೋಡಿಕೊಳ್ಳತೊಡಗಿದರು. ಅತ್ತಿಗೆ ದಿನ ಬೆಳಗಾದರೆ ಬೇಯಿಸಿದ ಮೊಟ್ಟೆ ಕಳಿಸಿದಳು. "ಬಸ್ಸಲ್ಲಿ ಓಡಾಡ್ಬೇಡ ಕಣೋ, ಜನ ಮೊಣಕೈಲಿ ತಿವೀತಾರೆ," ಎಂದು ಕಾರು ಕಳಿಸಿದಳು. ಕಾರಿನಲ್ಲಿ ಅವನ ಸೊಂಟದ ಹಿಂದೆ ಇಡಲೆಂದೇ ಒಂದು ಮೆತ್ತನೆಯ ದಿಂಬು ಹೊಲಿಸಿದಳು. ಅಣ್ಣ ಅಪ್ಪಿಕೊಂಡರೆ ಅವನ ಕೈ ಬೆನ್ನಿನಿಂದ ಜಾರಿ ಸೊಂಟದ ಎಡಗಡೆ ಒಂದು ಗಳಿಗೆ ನಿಲ್ಲುತ್ತಿತ್ತು, ಅಂಗಡಿಯಲ್ಲಿ ಹೊಸ ಮೋಟಾರನ್ನು ತಟ್ಟುವಂತೆ. ಯಾರಾದರೂ "ಹೇಗಿದ್ದೀಯಪ್ಪ?" ಎಂದರೆ ಅವರ ಕಣ್ಣು ಅವನ ಮುಖಕ್ಕಿಂತ ಒಂದು ಮೊಳ ಕೆಳಗೆ ಇರುತ್ತಿತ್ತು.

ಆ ಪ್ರೀತಿ ತನ್ನ ಮೇಲಲ್ಲ, ತನ್ನೊಳಗಿನ ಒಂದು ಹಿಡಿ ಮಾಂಸದ ಮೇಲೆ ಎಂದು ಅವನಿಗೆ ಗೊತ್ತಿತ್ತು. ಆದರೂ ಹಿತವಾಗಿತ್ತು. ಅದೇ ನಾಚಿಕೆ. ಜೊತೆಗೆ ಭಯ. ಮೈ ಕೊಯ್ಯುತ್ತಾರೆ ಎನ್ನುವುದು ನೆನಪಾದರೆ ರಾತ್ರಿ ನಿದ್ದೆ ಹತ್ತಿರ ಸುಳಿಯುತ್ತಿರಲಿಲ್ಲ. ಕೊಡಲು ಮನಸ್ಸಿಲ್ಲ ಎಂದು ಹೇಳುವ ಧೈರ್ಯವಿಲ್ಲ. ಕೊಡುತ್ತೇನೆ ಎಂದು ಬಾಯಿಬಿಟ್ಟು ಒಮ್ಮೆಯೂ ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲ. ಇನ್ನು ಡಾಕ್ಟರೇ ಬೇಡ ಎನ್ನಬೇಕು. ಆದರೆ ಒಂದೊಂದು ಪರೀಕ್ಷೆಯಲ್ಲೂ ಅವನು ಪಾಸಾಗುತ್ತ ಹೋದ. ಜೀವಮಾನದಲ್ಲಿ ಇಷ್ಟು ಪರೀಕ್ಷೆಗಳಲ್ಲಿ ಬೇಡವೆಂದರೂ ಪಾಸಾದ ಮನುಷ್ಯ ಇನ್ನೊಬ್ಬನಿರಲಿಕ್ಕಿಲ್ಲ.

ಉಳಿದದ್ದು ಇದೊಂದೇ, ಇವತ್ತಿನದು.

ಡಾಕ್ಟರು ಇದನ್ನು ಹೋದ ವಾರ ವಿವರಿಸಿದ್ದರು. ಅವರಿಗೆ ವಿವರಿಸುವುದೆಂದರೆ ಬಲು ಖುಷಿ.

"ಕಿಡ್ನಿ ಅನ್ನೋದು ಒಂದು ಆಫೀಸು ಅಂತ ಇಟ್ಕೊಳ್ಳಿ," ಎಂದಿದ್ದರು. "ಮಾಮೂಲಿ ದಿನ ಎಲ್ಲರೂ ಕೆಲಸ ಮಾಡಲ್ಲ. ಸುಮಾರು ಜನ ಸುಮ್ನೆ ಕೂತಿರ್ತಾರೆ. ಹೊಟ್ಟೆಗೆ ಪ್ರೋಟೀನ್ ಬಿತ್ತು ಅಂದ್ರೆ ಕೆಲಸ ಜಾಸ್ತಿಯಾಗುತ್ತೆ, ಕೂತಿದ್ದೋರೂ ಎದ್ದು ಬರ್ತಾರೆ. ಎಷ್ಟು ಜನ ಎದ್ದು ಬಂದ್ರು ಅನ್ನೋದೇ ಕಿಡ್ನಿಯ ರಿಸರ್ವು, ಮೀಸಲು ಶಕ್ತಿ."

"ಲೋಡ್ ಕೊಟ್ಟು ನೋಡೋದು," ಎಂದಿದ್ದ ಅಣ್ಣ ಸಂತೋಷದಿಂದ. "ಲೋಡ್ ಕೊಡದೆ ನಾನು ಒಂದು ಮೋಟಾರೂ ಮಾರಿಲ್ಲ ಡಾಕ್ಟ್ರೇ."

"ಅದೇ. ಒಂದನ್ನ ತೆಗೆದ ಮೇಲೆ ಇನ್ನೊಂದು ಒಂಟಿಯಾಗಿ ಪೂರ್ತಿ ಸಂಸಾರ ತೂಗಬೇಕಲ್ಲ. ಇವತ್ತು ಚೆನ್ನಾಗಿದೆ ಅಂದ್ರೆ ಸಾಲದು. ಇಪ್ಪತ್ತು, ಮೂವತ್ತು ವರ್ಷ ತಡೆಯುತ್ತಾ ಅಂತ ಇದರಿಂದ ಒಂದು ಅಂದಾಜು ಸಿಗುತ್ತೆ."

ಅಷ್ಟರಲ್ಲಿ ಅಣ್ಣನ ಫೋನು ಬಡಿದುಕೊಂಡಿತು. ಯಾರದೋ ಪಂಪು ನೀರೆತ್ತುತ್ತಿರಲಿಲ್ಲ. ಅಣ್ಣ ಬೈಯುತ್ತ ಹೊರಗೆ ಹೋದ. ಡಾಕ್ಟರು ಮಾತು ಮುಂದುವರಿಸಿದ್ದು ಅವನೊಬ್ಬನ ಎದುರಿಗೆ.

"ಅದಕ್ಕೇ ಹಿಂದಿನ ಮಧ್ಯಾಹ್ನದಿಂದ ಪ್ರೋಟೀನ್ ಮುಟ್ಟಬೇಡಿ. ಕೂತಿರೋರು ಕೂತೇ ಇರಬೇಕು. ನೀವು ಮೊದಲೇ ಎಲ್ಲರನ್ನೂ ಎಬ್ಬಿಸಿಬಿಟ್ರೆ, ಆಮೇಲೆ ನಾವು ಕರೆದಾಗ ಎದ್ದು ಬರೋಕೆ ಯಾರಿರ್ತಾರೆ? ರಿಸರ್ವೇ ಇಲ್ಲ ಅಂತ ತೋರಿಸಿಬಿಡುತ್ತೆ."

ಅವನು ತಲೆಯಾಡಿಸಿದ್ದ. ಮನೆಗೆ ಬಂದು ಅದನ್ನು ಯಾರಿಗೂ ಹೇಳಲಿಲ್ಲ. ಹೇಳಬಾರದು ಎಂದುಕೊಂಡಿರಲಿಲ್ಲ. ಹೇಳಲಿಲ್ಲ, ಅಷ್ಟೇ.

ಇವತ್ತು ಬೆಳಿಗ್ಗೆ ಅಣ್ಣ ಕೆಳಗೆ ಕಾರಿನಲ್ಲಿ ಹಾರ್ನ್ ಒತ್ತುತ್ತಿದ್ದಾಗ ಅತ್ತಿಗೆ ಡಬ್ಬಿ ಹಿಡಿದುಕೊಂಡು ಮೇಲೆ ಅವನ ಕೋಣೆಗೆ ಬಂದಳು.

"ಬರಿ ಹೊಟ್ಟೇಲಿ ಯಾರಾದ್ರೂ ಪರೀಕ್ಷೆಗೆ ಹೋಗ್ತಾರೇನೋ? ತಗೋ, ತಿನ್ನು."

"ಅತ್ತಿಗೆ, ಇವತ್ತು..." ಎಂದು ಅವನು ಬಾಯಿ ತೆರೆದ.

"ಇವತ್ತೇ ತಿನ್ಬೇಕಾದ್ದು," ಎಂದು ಅತ್ತಿಗೆ ತೆರೆದ ಬಾಯಿಗೆ ಮೊಟ್ಟೆ ಇಟ್ಟಳು.

ಮೊದಲನೆಯದನ್ನು ದಾಕ್ಷಿಣ್ಯಕ್ಕೆ ತಿಂದ. ಎರಡನೆಯದನ್ನು, ಒಂದಂತೂ ಆಯಿತಲ್ಲ ಎಂದು ತಿಂದ. ಮೂರನೆಯದಕ್ಕೆ ಉಪ್ಪು ಹಚ್ಚಿಕೊಂಡದ್ದು ಮಾತ್ರ ಅವನೇ. ಅತ್ತಿಗೆ ಆಗ ಬಾಗಿಲ ಬಳಿ ಚಪ್ಪಲಿ ಹಾಕಿಕೊಳ್ಳುತ್ತಿದ್ದಳು. ಅವಳು ನೋಡಲೂ ಇಲ್ಲ.

ಈಗ ಆ ಉಪ್ಪಿನ ವಿಷಯವೇ ಅವನನ್ನು ಕೊರೆಯುತ್ತಿತ್ತು. ಮೊಟ್ಟೆಗೆ ಕಾರಣ ಹೇಳಬಹುದು. ಉಪ್ಪಿಗೆ?

"ಸರ್, ಹೊತ್ತಾಯ್ತು," ಎಂದು ಸಿಸ್ಟರ್ ಅಗಲ ಬಾಯಿಯ ಪ್ಲಾಸ್ಟಿಕ್ ಜಾಡಿ ಕೊಟ್ಟಳು. ಅದರ ಮೈಮೇಲೆ ಗೆರೆಗಳಿದ್ದವು. "ಪೂರ್ತಿ ಬರ್ಬೇಕು. ಒಂದು ಹನಿ ಒಳಗೆ ಉಳಿಸ್ಕೊಂಡ್ರೂ ಲೆಕ್ಕ ತಪ್ಪುತ್ತೆ."

ಬಚ್ಚಲಲ್ಲಿ ನಿಂತ. ಇಷ್ಟು ಹೊತ್ತು ಹೊರಗೆ ಕಾಲು ಅದುಮಿಕೊಂಡು ಕೂತಿದ್ದವನಿಗೆ ಈಗ ಒಂದು ತೊಟ್ಟೂ ಬರಲೊಲ್ಲದು. ಬಾಗಿಲಾಚೆ ಸಿಸ್ಟರ್ ಯಾರೊಂದಿಗೋ ಫೋನಿನಲ್ಲಿ ಸೀರೆಯ ಬಣ್ಣದ ಬಗ್ಗೆ ಜಗಳವಾಡುತ್ತಿದ್ದಳು. ನಡುನಡುವೆ "ಆಯ್ತಾ ಸರ್?" ಎನ್ನುತ್ತಿದ್ದಳು. ಎರಡು ಸಲ "ಇಲ್ಲ" ಎಂದ. ಮೂರನೆಯ ಸಲ ಅಣ್ಣನ ದನಿಯೇ ಕೇಳಿತು: "ಲೋ, ನಲ್ಲಿ ಬಿಟ್ಕೊಳ್ಳೋ! ನೀರಿನ ಸದ್ದು ಕೇಳಿದ್ರೆ ಬರುತ್ತೆ." ಕಾರಿಡಾರಿನಲ್ಲಿ ಯಾರೋ ನಕ್ಕರು.

ನಲ್ಲಿ ತಿರುಗಿಸಿದ. ಬಂತು.

ಜಾಡಿ ಹೊರಗೆ ತಂದಾಗ ಅಣ್ಣ ಎದ್ದು ಬಂದು ಬಗ್ಗಿ ನೋಡಿದ.

"ಅಬ್ಬಾ! ಎಷ್ಟು ಸಲೀಸಾಗಿ ಬರುತ್ತೋ ನಿನಗೆ!" ಎಂದ. ಅವನ ದನಿಯಲ್ಲಿ ಹೊಟ್ಟೆಕಿಚ್ಚು, ಮೆಚ್ಚುಗೆ ಎರಡೂ ಇದ್ದವು. ಇವನು ಎಂ.ಎ.ಯಲ್ಲಿ ಮೊದಲನೆಯವನಾಗಿ ಬಂದಾಗಲೂ ಅಣ್ಣ ಇಷ್ಟು ಹೊಗಳಿರಲಿಲ್ಲ.

ಆಮೇಲೆ ಲೋಡ್ ಬಂತು. ಬಿಳಿಯ ಪ್ರೋಟೀನ್ ಪುಡಿ ಕಲಸಿದ ದೊಡ್ಡ ಲೋಟ. ಸುಣ್ಣದ ನೀರಿನ ಹಾಗಿತ್ತು. ಮುಖ ಹಿಂಡಿಕೊಂಡು ಕುಡಿದ. ಮತ್ತೆ ನೀರು, ಮತ್ತೆ ರಕ್ತ, ಮತ್ತೆ ಜಾಡಿ. ಅತ್ತಿಗೆ ದಿಂಬನ್ನು ಅವನ ಸೊಂಟಕ್ಕೆ ಸರಿಯಾಗಿ ಒತ್ತಿ, ಅಂಗಡಿಯ ಹುಡುಗರ ಸೋಮಾರಿತನದ ಬಗ್ಗೆ ಮಾತಾಡಿದಳು. ಅವನು "ಹೂಂ, ಹೂಂ" ಎನ್ನುತ್ತ ತನ್ನ ಒಳಗಿನ ಆಫೀಸಿನ ಬಗ್ಗೆ ಯೋಚಿಸುತ್ತಿದ್ದ. ಅಲ್ಲಿ ಬೆಳಿಗ್ಗೆಯೇ ಮೊಟ್ಟೆಗಳು ಬಂದು ಎಲ್ಲರನ್ನೂ ಎಬ್ಬಿಸಿ ಕೆಲಸಕ್ಕೆ ಹಚ್ಚಿದ್ದವು. ಈಗ ಬಿಳಿಯ ಲೋಡ್ ಬಂದು ಬಾಗಿಲು ತಟ್ಟಿದರೆ ಎದ್ದು ಬರಲು ಒಂದು ನರಪಿಳ್ಳೆಯೂ ಇಲ್ಲ. ನಗು ಬಂತು. ತನ್ನ ಡಿಪಾರ್ಟ್‌ಮೆಂಟಿನಲ್ಲಿ ಹೀಗೆ ಎಲ್ಲರೂ ಒಟ್ಟಿಗೆ ಕೆಲಸ ಮಾಡಿದ ದಿನವನ್ನು ಅವನು ಕಂಡಿರಲಿಲ್ಲ.

"ಯಾಕೋ ನಗ್ತೀಯ?" ಎಂದಳು ಅತ್ತಿಗೆ.

"ಏನಿಲ್ಲ."

"ನಗು, ನಗು. ನಗ್ತಾ ಇದ್ರೆ ಕಿಡ್ನಿಗೂ ಒಳ್ಳೇದು."

ಮಧ್ಯಾಹ್ನ ಡಾಕ್ಟರು ಅವನೊಬ್ಬನನ್ನೇ ಒಳಗೆ ಕರೆದರು.

ಅವರ ಮುಖದಲ್ಲಿ ವಿವರಿಸುವ ಖುಷಿ ಇರಲಿಲ್ಲ. ಕೊನೆಯ ಜಾಡಿಗೆ ಕಾಯುವುದು ಬೇಡ, ಈವರೆಗಿನದೇ ಸಾಕು ಎಂದರು.

"ಮೊದಲ ಅಳತೆ ತುಂಬಾ ಚೆನ್ನಾಗಿದೆ. ನಿಮ್ಮ ವಯಸ್ಸಿಗೆ ಸ್ವಲ್ಪ ಅತಿಯಾಗೇ ಚೆನ್ನಾಗಿದೆ. ಆದ್ರೆ ಲೋಡ್ ಕೊಟ್ಟ ಮೇಲೆ ಒಂದಿಷ್ಟೂ ಏರಿಲ್ಲ. ಇದ್ದಲ್ಲೇ ಇದೆ."

"ಹಾಗಂದ್ರೆ?"

"ಇರೋರೆಲ್ಲ ಈಗಾಗ್ಲೇ ದುಡೀತಿದಾರೆ. ಮೀಸಲು ಅಂತ ಯಾರೂ ಇಲ್ಲ. ಎರಡೂ ಇದ್ರೆ ನಿಮ್ಮ ಪಾಡಿಗೆ ನೀವು ನಡೆಸಬಹುದು. ಒಂದು ತೆಗೆದ್ರೆ ಕಾಲಾನಂತರ ನೀವೇ ಕೆಳಗಿನ ಮಹಡಿಗೆ ಬಂದು ಮಲಗಬೇಕಾಗುತ್ತೆ. ನಾನು ಒಪ್ಪಲ್ಲ."

ಅವನ ಎದೆಯ ಮೇಲಿಂದ ಯಾರೋ ಎದ್ದು ಹೋದಂತಾಯಿತು. ಆನಂದವಾಯಿತು, ಸುಳ್ಳೇಕೆ. ಕಿಟಕಿಯ ಹೊರಗಿನ ಮರ, ಮೇಜಿನ ಮೇಲಿನ ಪೇಪರ್‌ವೇಟು, ಡಾಕ್ಟರ ಬೋಳುತಲೆ ಎಲ್ಲವೂ ಚೆಂದ ಕಂಡವು.

ಡಾಕ್ಟರು ಕನ್ನಡಕ ತೆಗೆದು ಅವನನ್ನು ನೋಡಿದರು. ಈ ಸಲ ಮುಖವನ್ನೇ ನೋಡಿದರು.

"ಒಂದು ಮಾತು. ನಿಜವಾಗ್ಲೂ ಬೆಳಿಗ್ಗೆ ಏನೂ ತಿಂದಿರ್ಲಿಲ್ಲ ತಾನೆ? ಕೆಲವರು ಮರೆತು ತಿಂದುಬಿಡ್ತಾರೆ. ತಪ್ಪೇನಿಲ್ಲ. ಹಾಗಿದ್ರೆ ಈ ಲೆಕ್ಕ ಬಿಟ್ಟು ಇನ್ನೊಂದು ದಿನ ಮಾಡೋಣ."

ಈಗ ಸೂಜಿ ಇರಲಿಲ್ಲ. ಅತ್ತಿಗೆಯ ಕೈಯೂ ಇರಲಿಲ್ಲ.

"ಇಲ್ಲ," ಎಂದ.

"ಸರಿ. ಹೊರಗಿರೋರಿಗೆ ನಾನು ವಿವರ ಹೇಳಲ್ಲ. ಏನು ಹೇಳ್ಬೇಕು ಅನ್ನೋದು ನಿಮಗೆ ಬಿಟ್ಟಿದ್ದು."

ಹೊರಗೆ ಬಂದಾಗ ಇಬ್ಬರೂ ಎದ್ದು ನಿಂತರು. ಅತ್ತಿಗೆಯ ಕಂಕುಳಲ್ಲಿ ದಿಂಬು ಇತ್ತು.

"ಆಗಲ್ವಂತೆ," ಎಂದ ಅವನು. "ರಿಸರ್ವ್ ಇಲ್ವಂತೆ. ಒಂದಿಷ್ಟೂ."

ಅತ್ತಿಗೆಯ ಕಣ್ಣು ತುಂಬಿಕೊಂಡಿತು, ಅವಳು ಅದನ್ನು ದಿಂಬಿಗೆ ಒರೆಸಿಕೊಂಡಳು. ಅಣ್ಣ ಬಾಗಿಲ ಕಡೆ, ನೆಲದ ಕಡೆ, ಆಮೇಲೆ ಮೇಜಿನ ಮೇಲಿದ್ದ ನೀರಿನ ಹೂಜಿಯ ಕಡೆ ನೋಡಿದ. ಇನ್ನೊಬ್ಬನಾಗಿದ್ದರೆ ತಮ್ಮನನ್ನು ಬೈಯುತ್ತಿದ್ದ. ಅಣ್ಣ ನಕ್ಕುಬಿಟ್ಟ.

"ಬಿಡೇ, ಅವನೇನು ಮಾಡ್ತಾನೆ," ಎಂದ ಹೆಂಡತಿಗೆ. "ಚಿಕ್ಕಂದಿನಿಂದ್ಲೂ ಅವನ ಹತ್ರ ಹೆಚ್ಚಿಗೆ ಅಂತ ಏನಿತ್ತು? ಆಟಕ್ಕೆ ಕರ್ಕೊಂಡು ಹೋದ್ರೆ ಅರ್ಧಕ್ಕೇ ಸುಸ್ತಾಗಿ ಕೂತ್ಬಿಡೋನು. ಇರೋದ್ರಲ್ಲೇ ಹೇಗೋ ಎಳ್ಕೊಂಡು ಬಂದಿದಾನೆ. ಪಾಪ."

ಅವನ ಭುಜ ತಟ್ಟಿದ. ಕೈ ಭುಜದಲ್ಲೇ ಇತ್ತು, ಕೆಳಗೆ ಜಾರಲಿಲ್ಲ.

ಪಾಪ! ಅವನ ಪಿತ್ತ ನೆತ್ತಿಗೇರಿತು. ಇದು ಬೈಗುಳವಾಗಿದ್ದರೆ ನುಂಗಿಕೊಳ್ಳುತ್ತಿದ್ದ. ಆದರೆ ಅಣ್ಣ ಮನಸಾರೆ ಕನಿಕರಪಡುತ್ತಿದ್ದ. ನನ್ನ ಹತ್ತಿರ ಇದೆ ಎಂದು ಕೂಗಬೇಕೆನಿಸಿತು. ಬೇಕಾದಷ್ಟಿದೆ! ಒಳಗೆ ಸಾಲುಗಟ್ಟಿ ಕೂತಿದ್ದಾರೆ, ಒಬ್ಬೊಬ್ಬನೂ ಎದ್ದು ಬರುವವನೇ, ಮೂರು ಮೊಟ್ಟೆ ಬಂದು ಕೆಡಿಸಿದವು ಅಷ್ಟೆ! ಬಾಯಿ ತೆರೆದ. ತೆರೆದ ಬಾಯಿಯಲ್ಲೇ ಅವನಿಗೆ ಹೊಳೆಯಿತು: ಹಾಗೆಂದು ತೋರಿಸಬೇಕಾದರೆ ಕೊಡಬೇಕು. ಮೊದಲ ವಾಕ್ಯ ನನ್ನಲ್ಲಿ ಇದೆ. ಎರಡನೆಯದು ಇದ್ದವನು ಕೊಡಬೇಕು. ಮೂರನೆಯದು ಬೋರ್ಡಿನ ಮೇಲೆ ತಾನಾಗಿ ಹುಟ್ಟಿ ನಿಂತಿತ್ತು. ಬಾಯಿ ಮುಚ್ಚಿದ.

ಅಣ್ಣ ಹೂಜಿಯಿಂದ ಲೋಟಕ್ಕೆ ನೀರು ಬಗ್ಗಿಸಿಕೊಂಡ. ತುಂಬ ಬಗ್ಗಿಸಿಕೊಂಡ.

"ರೀ," ಎಂದಳು ಅತ್ತಿಗೆ.

"ಇವತ್ತೊಂದು ದಿನ."

ಅತ್ತಿಗೆ ತಡೆಯಲಿಲ್ಲ. ಅಣ್ಣ ಕಣ್ಣು ಮುಚ್ಚಿಕೊಂಡು, ಒಂದೊಂದೇ ಗುಟುಕು, ನಿಧಾನವಾಗಿ ಕುಡಿದ. ತಮ್ಮನಿಗೆ ಹೇಗೆ ಕುಡಿ ಎಂದಿದ್ದನೋ ಹಾಗೆ. ನೋಡಲಾಗದೆ ಅವನು ಗೋಡೆಯ ಕಡೆ ತಿರುಗಿದ. ಅಳು ಬಂತು. ಅದರ ಬೆನ್ನಿಗೇ, ಬೆಳಗಿನಿಂದ ಕುಡಿದ ನೀರೆಲ್ಲ ಒಟ್ಟಿಗೆ ಅವಸರ ಮಾಡಿತು.

"ನಿಮ್ಮ ಚಿಕ್ಕಪ್ಪನ ಮಗ ಇದಾನಲ್ಲ," ಎನ್ನುತ್ತಿದ್ದಳು ಅತ್ತಿಗೆ, ದಿಂಬನ್ನು ಗಂಡನ ಬೆನ್ನಿಗೆ ಇಡುತ್ತ. "ದಿನಾ ಈಜ್ತಾನೆ. ಗಟ್ಟಿಮುಟ್ಟಾಗಿದಾನೆ. ಸಂಜೆ ಹೋಗಿ ಮಾತಾಡಿ ಬರೋಣ." ಆಮೇಲೆ ನೆನಪಾದಂತೆ ಇವನತ್ತ ನೋಡಿದಳು. "ನಿನ್ನನ್ನ ಬಸ್ ಸ್ಟಾಪ್ ಹತ್ರ ಇಳಿಸ್ತೀವಿ ಕಣೋ. ದಿನಾ ಮೊಟ್ಟೆ ತಿನ್ಸಿದ್ದೂ ದಂಡ ಆಯ್ತು ನೋಡು."

"ಬಂದೆ," ಎಂದು ಅವನು ಬಚ್ಚಲಿಗೆ ಓಡಿದ.

ಅಲ್ಲಿ ಕಟ್ಟೆಯ ಮೇಲೆ ಕೊನೆಯ ಜಾಡಿ ಕಾದಿತ್ತು. ಬೇಡವೆಂದು ಗೊತ್ತಿದ್ದೂ ಕೈ ರೂಢಿಯಂತೆ ಅದನ್ನೇ ಎತ್ತಿಕೊಂಡಿತು. ಈ ಸಲ ನಲ್ಲಿ ಬಿಡಬೇಕಾಗಲಿಲ್ಲ. ಬಂತು, ಬರುತ್ತಲೇ ಇತ್ತು. ಗೆರೆಗಳನ್ನು ಒಂದೊಂದಾಗಿ ದಾಟಿ, ಕೊನೆಯ ಗೆರೆಯನ್ನೂ ದಾಟಿ, ಕಂಠಮಟ್ಟಕ್ಕೆ ಬಂದು, ಅಂಚಿನಲ್ಲಿ ನಡುಗುತ್ತ ನಿಂತಿತು. ಒಂದು ಹನಿಯನ್ನೂ ಅವನು ಉಳಿಸಿಕೊಂಡಿರಲಿಲ್ಲ. ಮುಚ್ಚಳ ಹುಡುಕಿದ. ಸಿಸ್ಟರ್ ಒಯ್ದಿದ್ದಳು.

ಎರಡೂ ಕೈಯಲ್ಲಿ ಹಿಡಿದುಕೊಂಡು ಹೊರಗೆ ಬಂದ. ಸಿಸ್ಟರ್ ಕೈಚೀಲ ನೇತುಹಾಕಿಕೊಂಡು ಊಟಕ್ಕೆ ಹೊರಟಿದ್ದಳು.

"ಅಯ್ಯೋ, ಅದ್ಯಾಕೆ ಸರ್? ಬೇಡ ಅಂದ್ರಲ್ಲ. ಚೆಲ್ಬಿಡಿ."

ಚೆಲ್ಲಬೇಕು ಎಂದೇ ಅವನೂ ಅಂದುಕೊಂಡ. ಆದರೆ ಕಾಲುಗಳು ಡಾಕ್ಟರ ಬಾಗಿಲ ಕಡೆ ನಡೆದವು. ಹೆಜ್ಜೆ ಹೆಜ್ಜೆಗೂ ಜಾಡಿಯ ಅಂಚು ನೋಡಿಕೊಳ್ಳುತ್ತ, ಉಸಿರು ಬಿಗಿಹಿಡಿದು ನಡೆದ. ಅಣ್ಣನ ಲೋಟವೇ ಕಣ್ಣ ಮುಂದಿತ್ತು. ಹೇಳಿಬಿಡಬೇಕು. ಮೊಟ್ಟೆ ತಿಂದಿದ್ದೆ ಎಂದರೆ ಸಾಕು, ಮೂರು ಪದ ಕೂಡ ಬೇಕಿಲ್ಲ. ಉಪ್ಪಿನ ವಿಷಯ ಹೇಳಬೇಕಾಗಿಲ್ಲ.

ಬಾಗಿಲು ಮುಚ್ಚಿತ್ತು. ಮಬ್ಬು ಗಾಜಿನಾಚೆ ಡಾಕ್ಟರ ಬೋಳುತಲೆ ಅಲ್ಲಾಡುತ್ತಿತ್ತು. ಯಾರಿಗೋ ಫೋನಿನಲ್ಲಿ ಏನನ್ನೋ ಖುಷಿಯಾಗಿ ವಿವರಿಸುತ್ತಿದ್ದರು. ತಟ್ಟಬೇಕೆಂದರೆ ಒಂದು ಕೈ ಬಿಡಬೇಕು. ಬಿಟ್ಟರೆ ಚೆಲ್ಲುತ್ತದೆ. ಕೆಳಗಿಡೋಣ ಎಂದು ಬಗ್ಗಿದ.

"ಇಲ್ಲೆಲ್ಲೂ ಇಡ್ಬೇಡಿ!" ಎಂದು ನೆಲ ಒರೆಸುತ್ತಿದ್ದವಳು ಕೂಗಿದಳು. "ಈಗಷ್ಟೇ ಒರ್ಸಿದೀನಿ."

ಮತ್ತೆ ನೆಟ್ಟಗೆ ನಿಂತ.

"ಲೋ, ಬರ್ತೀಯೋ ಇಲ್ವೋ?" ಕಾರಿಡಾರಿನ ಕೊನೆಯಿಂದ ಅಣ್ಣನ ದನಿ. ಲಿಫ್ಟಿನ ಬಾಗಿಲು ಮುಚ್ಚಲು ಬರುತ್ತಿತ್ತು, ಅಣ್ಣನ ಕಾಲಿಗೆ ತಾಗಿ ಹಿಂದೆ ಸರಿಯುತ್ತಿತ್ತು, ಮತ್ತೆ ಬರುತ್ತಿತ್ತು. "ಎಷ್ಟೊತ್ತು ಅಂತ ಹಿಡ್ಕೊಂಡಿರ್ಲೋ?"

"ಬಂದೆ," ಎಂದ. ಅಲುಗಾಡಲಿಲ್ಲ.

ಜಾಡಿ ಬೆಚ್ಚಗಿತ್ತು. ಇಷ್ಟು ತುಂಬಿದ್ದನ್ನು ಅವನು ಎಂದೂ ಹಿಡಿದಿರಲಿಲ್ಲ. ಹಿಂದೆ ತಿರುಗಿದರೂ ಚೆಲ್ಲುತ್ತದೆ, ಮುಂದೆ ಹೆಜ್ಜೆಯಿಟ್ಟರೂ ಚೆಲ್ಲುತ್ತದೆ. ಹಣೆಯಿಂದ ಬಾಗಿಲು ತಟ್ಟಬಹುದಿತ್ತು. ಅವನು ಮೆಲ್ಲಗೆ ತಲೆ ಬಗ್ಗಿಸಿದ. ಗಾಜಿಗೂ ಹಣೆಗೂ ನಡುವೆ ಒಂದು ಬೆರಳಿನಷ್ಟು ಜಾಗ ಉಳಿದಿದ್ದಾಗ ಕತ್ತು ನಿಂತುಬಿಟ್ಟಿತು. ಹಿಂದೆ ಲಿಫ್ಟಿನ ಬಾಗಿಲು ಮತ್ತೊಮ್ಮೆ ಅಣ್ಣನ ಕಾಲಿಗೆ ಬಂದು ತಾಗಿತು. ಅವನು ಜಾಡಿಯೊಳಗೇ ನೋಡುತ್ತಿದ್ದ. ಅಂಚಿನವರೆಗೆ ತುಂಬಿದ್ದರ ಮೇಲೆ ಅವನ ಮುಖ ಸಣ್ಣದಾಗಿ, ಹಳದಿಯಾಗಿ ನಡುಗುತ್ತಿತ್ತು.